ನಾನು ನೋಡದ ಸಹಿ

ಫ್ರಾಂಕ್‌ಫರ್ಟ್, ಕೆಂಟಕಿ
ಮಾರ್ಚ್ 4, 1968

ಪ್ರೀತಿಯ ಒಲೀಟಾ,

ಹದಿನಾಲ್ಕು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡ. ಶಾಸನಸಭೆಯೆಂದರೆ ಹಗಲೆಲ್ಲ ಮಾತು, ಮಾತಿನ ಮೇಲೆ ಮಾತು. ಬ್ರಾನಕ್‌ನಲ್ಲಿದ್ದ ನಮ್ಮ ಎರಡು ಕೋಣೆಯ ಕಚೇರಿ, ಕೆಳಗಿನ ಕ್ಷೌರದಂಗಡಿಯ ಸೋಪಿನ ವಾಸನೆ, ನಿನ್ನ ಟೈಪ್‌ರೈಟರಿನ ಸದ್ದು ನೆನಪಾದರೆ ಇಲ್ಲಿಯ ಅಮೃತಶಿಲೆಯ ಕಂಬಗಳು ಬೇಸರ ತರಿಸುತ್ತವೆ. ಹತ್ತೊಂಬತ್ತು ವರ್ಷ ನನ್ನ ಕಾಗದಪತ್ರ ನೋಡಿಕೊಂಡವಳು ನೀನು. ನನ್ನ ಕೈಬರಹವನ್ನು ತಡವರಿಸದೆ ಓದುವವಳು ನೀನೊಬ್ಬಳೇ.

ಸುದ್ದಿ ಕೇಳಿರಬೇಕು. ವಾಷಿಂಗ್ಟನ್ನಿನ ಸಂಸತ್ತಿಗೆ, ಕಾಂಗ್ರೆಸ್ಸಿಗೆ ನಿಂತಿದ್ದೇನೆ. ಮೇ 28ರ ಮಂಗಳವಾರ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನ. ಅದನ್ನು ಗೆದ್ದರೆ ನವೆಂಬರಿನ ಚುನಾವಣೆ ಬರೀ ಶಾಸ್ತ್ರ. ನಮ್ಮ ಕಡೆ ಇನ್ನೊಂದು ಪಕ್ಷದವರನ್ನು ಯಾರು ಕೇಳುತ್ತಾರೆ?

ಒಂದು ಉಪಕಾರ ಮಾಡಬೇಕು. ಮೇ 26ರ ಭಾನುವಾರ ಸೌರ್‌ವುಡ್ ಗುಡ್ಡದಲ್ಲಿ ಸಮಾಧಿಗಳಿಗೆ ಹೂವಿಡುವ ದಿನ. ನಾನು ಬರುತ್ತೇನೆ, ಪತ್ರಿಕೆಯವರೂ ಬರುತ್ತಾರೆ. ಊರಿಗೆಲ್ಲ ಅತ್ತೆಯಾದ ಝೆಲ್ಲತ್ತೆ ಆ ಸಮಾಧಿಗಳ ಮೊಕದ್ದಮೆಗೆ ನನಗೆ ಫೀಸಿನ ಬದಲು ಸೇಬಿನ ಪೈ ಕೊಟ್ಟ ಕಥೆ ಈಗ ಎಲ್ಲರ ಬಾಯಲ್ಲಿದೆ. ನೀನು ಅಂಥದೇ ಒಂದು ಪೈ ಮಾಡಿಕೊಂಡು ಬಂದು, ಅವಳ ಕೈಯಿಂದ ನನಗೆ ಕೊಡಿಸಿ, ಪಕ್ಕದಲ್ಲಿ ನಿಂತು ಎರಡು ಮಾತು ಹೇಳು: ಲೋವೆಲ್ ಟೀಗ್ ಬದಲಾಗಿಲ್ಲ ಎಂದು. ಅಷ್ಟೇ.

ಎಂದೆಂದಿಗೂ ನಿನ್ನ,
ಲೋವೆಲ್

*

ಬ್ರಾನಕ್
ಮಾರ್ಚ್ 11, 1968

ಲೋವೆಲ್,

"ಪ್ರೀತಿಯ" ಎಂದು ಬರೆದು, ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡಿದ್ದೇನೆ.

ಕಳೆದ ಗುರುವಾರ ನಿನ್ನ ಭಾಷಣವನ್ನು ರೇಡಿಯೋದಲ್ಲಿ ಕೇಳಿದೆ. ಪಾತ್ರೆ ತೊಳೆಯುತ್ತಿದ್ದವಳು ನೀರಿನಲ್ಲಿ ಕೈ ಬಿಟ್ಟುಕೊಂಡೇ ನಿಂತುಬಿಟ್ಟೆ. ಝೆಲ್ಲತ್ತೆ ಬರಿಗಾಲಲ್ಲಿ ಏಳು ಮೈಲಿ ನಡೆದು ಬಂದಳಂತೆ! ಅವತ್ತು ಅವಳು ಅಳಿಯನ ಟ್ರಕ್ಕಿನಲ್ಲಿ ಬಂದಳು, ಗಂಡನ ಶವಸಂಸ್ಕಾರಕ್ಕೆ ಕೊಂಡ ಕಪ್ಪು ಬೂಟು ಹಾಕಿಕೊಂಡಿದ್ದಳು. ಮೆಟ್ಟಿಲು ಹತ್ತಿ ಬಂದಾಗ ಆ ಬೂಟಿನ ಸದ್ದಿಗೆ ತಲೆಯೆತ್ತಿ ನೋಡಿದವಳು ನಾನು. ಅವಳು ತಂದಿದ್ದು ಸೇಬಿನ ಪೈ ಅಲ್ಲ. ಒಣಸೇಬಿನ ಪದರದ ಕೇಕು. ಏಳು ಪದರ, ಒಂದೊಂದೂ ರಟ್ಟಿನಷ್ಟು ತೆಳ್ಳಗೆ. ಅದನ್ನು ಎರಡು ದಿನ ಇಟ್ಟು ತಿನ್ನಬೇಕು ಎಂದು ಅವಳು ಹೇಳಿದರೂ ಕೇಳದೆ ನೀನು ಅಲ್ಲೇ ಚೂರಿ ಹಾಕಿದೆ. ಪೇಟೆಯ ಮಂದಿಗೆ ಪದರದ ಕೇಕು ಗೊತ್ತಾಗುವುದಿಲ್ಲವೆಂದು ಪೈ ಮಾಡಿದೆಯಾ? ಬಡ ಮುದುಕಿಯ ಕೈತಿಂಡಿಯನ್ನೂ ತಿದ್ದಿ ಮಾರುವ ಬುದ್ಧಿ ಯಾವಾಗ ಬಂತು ನಿನಗೆ?

ಕಥೆಯಲ್ಲಿ ನಿಜವೂ ಇದೆ, ಅದೇ ನನ್ನ ಸಂಕಟ. 1957ರಲ್ಲಿ ಕಲ್ಲಿದ್ದಲು ಕಂಪನಿಯ ಬುಲ್ಡೋಜರುಗಳು ಸೌರ್‌ವುಡ್ ಗುಡ್ಡದ ಅರ್ಧಕ್ಕೆ ಹತ್ತಿದ್ದವು. ಮೇಲೆ ಅವಳ ಗಂಡ ಹೋಬರ್ಟ್, ಎರಡು ಹಸುಗೂಸುಗಳು, ಅವರ ಹಿರಿಯರು, ಒಟ್ಟು ಮೂವತ್ತೊಂದು ಸಮಾಧಿ. ನೀನು ಹನ್ನೊಂದು ದಿನ ಕಚೇರಿಯಲ್ಲೇ ಮಲಗಿ ಕಾನೂನು ಹುಡುಕಿದೆ. ಸಮಾಧಿಗಳಿರುವ ನೆಲವನ್ನು ಮನೆಯವರ ಒಪ್ಪಿಗೆಯಿಲ್ಲದೆ ಯಾರೂ ಅಗೆಯಬಾರದು ಎಂಬ ತೀರ್ಪು ತಂದೆ. ಆ ಒಂದು ಮೊಕದ್ದಮೆ ನಿನ್ನನ್ನು ಸರ್ಕಾರಿ ವಕೀಲನನ್ನಾಗಿ ಮಾಡಿತು, ಆಮೇಲೆ ರಾಜ್ಯದ ಸೆನೆಟರ್ ಮಾಡಿತು. ಆ ದಿನಗಳ ಲೋವೆಲ್‌ಗಾಗಿ ನಾನು ಎಷ್ಟು ಕಾಗದ ಬೇಕಾದರೂ ಟೈಪ್ ಮಾಡುತ್ತಿದ್ದೆ.

ಪೈ ಮಾಡುವುದಿಲ್ಲ. ಎರಡು ಮಾತನ್ನೂ ಆಡುವುದಿಲ್ಲ.

ಇನ್ನೊಂದು ವಿಷಯ. ನಿನ್ನೆ ಸೌರ್‌ವುಡ್ ಗುಡ್ಡಕ್ಕೆ ಹೋಗಿದ್ದೆ. ಗುಡ್ಡದ ಬುಡದಿಂದ ಮೇಲಿನವರೆಗೆ ಗೂಟ ಹೊಡೆದು ಕಿತ್ತಳೆ ಬಣ್ಣದ ಪಟ್ಟಿ ಕಟ್ಟಿದ್ದಾರೆ. ಅದೇನು?

ಒಲೀಟಾ ಕ್ರಮ್

*

ಫ್ರಾಂಕ್‌ಫರ್ಟ್
ಏಪ್ರಿಲ್ 1, 1968

ಒಲೀಟಾ,

ಬೈದರೂ ನಿನ್ನ ಪತ್ರ ಓದಲು ಚೆನ್ನ. ಜನ ಕಥೆ ಕೇಳಲು ಬರುತ್ತಾರೆ, ಸಾಕ್ಷ್ಯ ಕೇಳಲು ಅಲ್ಲ. ಒಂದೆರಡು ಮೈಲಿ ಹೆಚ್ಚು ನಡೆಸಿದರೆ ಝೆಲ್ಲತ್ತೆಯ ಕಾಲೇನೂ ನೋಯುವುದಿಲ್ಲ.

ಗೂಟಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ. ಕಂಪನಿಯವರ ಅಳತೆ. ಅವರ ಹತ್ತಿರ ಕಾಗದ ಸರಿಯಾಗಿದೆ. ಕಲ್ಲಿದ್ದಲಿಗೆ ಗುಡ್ಡ ಅಗೆಯಲು, ಸಮಾಧಿಗಳನ್ನು ಮರ್ಯಾದೆಯಿಂದ ಬೇರೆಡೆಗೆ ಸಾಗಿಸಲು ಝೆಲ್ಲತ್ತೆ 1964ರ ಅಕ್ಟೋಬರಿನಲ್ಲೇ ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ್ದಾಳೆ. ವಯಸ್ಸಾಗಿದೆ, ಮರೆತಿರಬಹುದು. ನೋಟರಿಯಾಗಿ ಮುದ್ರೆ ಒತ್ತಿದವಳು ನೀನೇ. ನಿನಗೂ ಮರೆತಿದೆಯೇ?

ಚುನಾವಣೆಯ ಗಡಿಬಿಡಿ. ಮೈ ನೋಡಿಕೋ.

ಲೋವೆಲ್

*

ಬ್ರಾನಕ್
ಏಪ್ರಿಲ್ 12, 1968

ಲೋವೆಲ್,

ನಿನ್ನ ಪತ್ರ ಬಂದ ಮರುದಿನ ಕೋರ್ಟಿಗೆ ಹೋಗಿ ದಸ್ತಾವೇಜಿನ ಪುಸ್ತಕ ಕೇಳಿದೆ. ನೋಂದಣಿ ಗುಮಾಸ್ತ ಡ್ಯೂಯಿ ಫುಗೇಟ್ ಎಂದಿನಂತೆ ಕುರ್ಚಿಯಿಂದ ಏಳಲೇ ಇಲ್ಲ.

"ಏನವ್ವಾ, ವಕೀಲರು ವಾಷಿಂಗ್ಟನ್ನಿಗೆ ಹೊರಟ್ರಂತೆ, ನೀನಿನ್ನೂ ಹಳೇ ಪುಸ್ತಕ ಕೆದಕ್ತಾ ಕೂತಿದ್ದೀಯಾ?"

"ಅರವತ್ನಾಕರ ಅಕ್ಟೋಬರ್ ತೆಗಿ ಡ್ಯೂಯಿ. ಆಮೇಲೆ ಮಾತಾಡು."

"ಧೂಳು ಜಾಸ್ತಿ ಅದೆ."

"ನಾನು ಧೂಳು ನೋಡೇ ಇಲ್ವಾ? ತೆಗಿ."

ಪುಟ ಸಿಕ್ಕಿತು. ಕೆಳಗೆ ನನ್ನ ಮುದ್ರೆ, ಗುಂಡಗೆ, ಸ್ಪಷ್ಟವಾಗಿ. ಮೇಲೆ ನನ್ನದೇ ಮಾತು: ಝೆಲ್ಲಾ ಹ್ಯಾಟ್‌ಮೇಕರ್ ನನ್ನ ಎದುರು ಖುದ್ದಾಗಿ ಹಾಜರಾಗಿ ಸಹಿ ಹಾಕಿದ್ದಾರೆ. ಅದರ ಮೇಲೆ ಸಹಿ. ಬಲಕ್ಕೆ ವಾಲಿದ, ಝೆಡ್ ಅಕ್ಷರಕ್ಕೆ ಬಾಲ ಸುತ್ತಿದ, ಅಂದವಾದ ಸಹಿ.

ಝೆಲ್ಲತ್ತೆಗೆ ಬರೆಯಲು ಬರುವುದಿಲ್ಲ, ಲೋವೆಲ್. 1957ರ ಎಲ್ಲ ಕಾಗದಕ್ಕೂ ಅವಳು ಒಂದರ ಮೇಲೊಂದು ಎರಡು ಓರೆಗೆರೆ ಎಳೆದು ಗುರುತು ಹಾಕಿದಳು. ಪಕ್ಕದಲ್ಲಿ "ಇದು ಝೆಲ್ಲಾಳ ಗುರುತು" ಎಂದು ಬರೆದವನು ನೀನು. ಗುರುತಾದರೆ ಇಬ್ಬರು ಸಾಕ್ಷಿಗಳು ಬೇಕು. ಸಹಿಯಾದರೆ ನೋಟರಿ ಒಬ್ಬಳು ಸಾಕು. ಆ ನೋಟರಿ ನಾನು. ಆ ಬಾಲ ಸುತ್ತುವ ಕೈ ಯಾರದೆಂದು ನನಗೆ ಗೊತ್ತು. ಹತ್ತೊಂಬತ್ತು ವರ್ಷ ಓದಿದ್ದೇನೆ.

ಪುಟದ ಮೇಲಿನ ತಾರೀಕು ನೋಡಿ ಆ ಶುಕ್ರವಾರ ಈಗ ನೆನಪಾಗುತ್ತಿದೆ. ನೀನು ಕೋಟು ತೊಡುತ್ತಾ, ಮೆರವಣಿಗೆಗೆ ಹೊತ್ತಾಯಿತೆಂದು ಒಂದು ಕಟ್ಟು ಕಾಗದ ನನ್ನ ಮೇಜಿನ ಮೇಲಿಟ್ಟೆ. "ಎಲ್ರೂ ಬೆಳಿಗ್ಗೆ ಬಂದು ಸಹಿ ಹಾಕಿ ಹೋದ್ರು, ಮುದ್ರೆ ಒತ್ತಿಬಿಡು" ಎಂದೆ. ಊರಿನ ಎಲ್ಲ ಕಚೇರಿಯಲ್ಲೂ ಹೀಗೇ ನಡೆಯುತ್ತದೆ, ವಕೀಲ ಹೇಳುತ್ತಾನೆ, ನೋಟರಿ ಒತ್ತುತ್ತಾಳೆ. ನಾನು ಒಂದು ಕೈಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ಹಿಡಿದು ಇನ್ನೊಂದರಲ್ಲಿ ಹನ್ನೊಂದು ಕಾಗದಕ್ಕೂ ಮುದ್ರೆ ಒತ್ತಿದೆ. ಹೆಸರುಗಳನ್ನೂ ಓದಲಿಲ್ಲ. ನಿನ್ನ ಮೇಲೆ ಅಸಹ್ಯವಾಗುತ್ತಿದೆ ಎಂದು ಬರೆಯಲು ಕುಳಿತವಳಿಗೆ ಆ ಸ್ಯಾಂಡ್‌ವಿಚ್ ನೆನಪಾಗಿ ನನ್ನ ಮೇಲೇ ಹೇಸಿಗೆಯಾಗುತ್ತಿದೆ.

ಕೋರ್ಟಿನಿಂದ ನೇರ ಝೆಲ್ಲತ್ತೆಯ ಮನೆಗೆ ಹೋದೆ. ಬಾಯಿ ಬಿಡಬೇಕೆಂದೇ ಹೋದೆ. ಒಲೆಯ ಹಿಂದಿನ ಗೋಡೆಗೆ ಕ್ಯಾಲೆಂಡರಿನ ಪಕ್ಕ ನಿನ್ನ ಫೋಟೋ ಹಚ್ಚಿದ್ದಾಳೆ. ಬೀನ್ಸು, ಮೆಕ್ಕೆಜೋಳದ ರೊಟ್ಟಿ ಬಡಿಸಿದಳು.

"ಗೂಟ ನೋಡ್ದ್ಯಾ ಮಗಾ?" ಎಂದಳು. "ನಾನೇನೂ ಹೆದರ್ಕೊಂಡಿಲ್ಲ ಬಿಡು. ನಮ್ಮ ವಕೀಲ ಇರೋವರ್ಗೂ ಹೋಬರ್ಟ್ ತಂಟೆಗೆ ಯಾವ ನಾಯೂ ಬರಲ್ಲ. ಅವನಿಗೇ ಓಟು ಹಾಕ್ತೀನಿ. ಕೇಕಿಗೆ ಸೇಬು ಒಣಗಿಸಿದ್ದು ಇನ್ನೂ ಅದೆ."

ನಾನು ತಲೆ ತಗ್ಗಿಸಿ ರೊಟ್ಟಿ ತಿಂದೆ. ಹೇಳಲಿಲ್ಲ. ಹೇಡಿಯ ಹಾಗೆ ಎರಡನೆಯ ಸಲ ಬೀನ್ಸು ಹಾಕಿಸಿಕೊಂಡೆ.

ಆ ಕಾಗದವನ್ನು ಹಿಂದಕ್ಕೆ ತೆಗೆದುಕೋ. ನೀನೇ ತೆಗೆದುಕೋ. ಅದೊಂದೇ ನಾನು ಕೇಳುವುದು.

ಒಲೀಟಾ

*

ಲೆಕ್ಸಿಂಗ್ಟನ್
ಏಪ್ರಿಲ್ 23, 1968

ಒಲೀಟಾ,

ಈ ಪತ್ರವನ್ನು ನಾನೇ ಕೈಯಾರೆ ಬರೆಯುತ್ತಿದ್ದೇನೆ, ಟೈಪ್ ಮಾಡುವ ಹುಡುಗಿಗೆ ಕೊಡಲಿಲ್ಲ. ಅರ್ಥ ಮಾಡಿಕೋ.

ಸೆನೆಟಿನಲ್ಲಿ ಕೂರದೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಕಂಪನಿಯನ್ನು ಎದುರು ಹಾಕಿಕೊಂಡು ನಮ್ಮ ಬೆಟ್ಟದ ಕಡೆಯಿಂದ ಒಬ್ಬನೂ ಗೆದ್ದಿಲ್ಲ. ಒಂದು ಗುಡ್ಡ ಬಿಟ್ಟುಕೊಟ್ಟೆ, ಒಪ್ಪುತ್ತೇನೆ. ಅದರಿಂದ ಸಿಕ್ಕ ಕುರ್ಚಿಯಲ್ಲಿ ಕೂತು ಎರಡು ಶಾಲೆ ತಂದೆ, ನಿನ್ನ ಬೀದಿಗೆ ಚರಂಡಿ ತಂದೆ. ವಾಷಿಂಗ್ಟನ್ನಿಗೆ ಹೋದರೆ ನಲವತ್ತು ಗುಡ್ಡ ಉಳಿಸುವ ಕಾನೂನು ತರುತ್ತೇನೆ. ಸತ್ತವರಿಗೆ ಹೆದ್ದಾರಿಯ ಪಕ್ಕ ಒಳ್ಳೆಯ ಹುಲ್ಲುಹಾಸಿನ ಜಾಗ ಗೊತ್ತು ಮಾಡಿದ್ದಾರೆ. ಝೆಲ್ಲತ್ತೆ ಗುಡ್ಡ ಹತ್ತುವ ಕಷ್ಟವೂ ತಪ್ಪುತ್ತದೆ.

ನಿನಗೆ ಕೇಡು ಬಯಸುವವನಲ್ಲ ನಾನು. ಆದರೆ ವಕೀಲನಾಗಿ ಒಂದು ಮಾತು. ಸಹಿ ಯಾರ ಕೈಯದೆಂದು ಸಾಬೀತು ಮಾಡುವುದು ಕಷ್ಟ. ಮುದ್ರೆ ಯಾರದೆಂದು ಕೇಳುವ ಅಗತ್ಯವೇ ಇಲ್ಲ, ಅದರ ಮೇಲೆ ನಿನ್ನ ಹೆಸರೇ ಇದೆ. ಎದುರಿಲ್ಲದವರನ್ನು ಎದುರಿದ್ದರು ಎಂದು ಬರೆದ ನೋಟರಿ ಜೈಲಿಗೆ ಹೋಗುತ್ತಾಳೆ. ಐವತ್ತೆಂಟು ವರ್ಷದವಳು ನೀನು. ನವೆಂಬರಿನ ನಂತರ ವಾಷಿಂಗ್ಟನ್ನಿನ ನನ್ನ ಕಚೇರಿಯಲ್ಲಿ ನಿನಗೊಂದು ಮೇಜು ಇರುತ್ತದೆ. ಕಿಟಕಿಯ ಪಕ್ಕ.

ಯೋಚಿಸು.

ಲೋವೆಲ್

*

ಸೌರ್‌ವುಡ್ ಗುಡ್ಡ
ಮೇ 7, 1968

ಲೋವೆಲ್ಲಪ್ಪಾ,

ನಾನು ಝೆಲ್ಲತ್ತೆ. ಹೇಳ್ತಿರೋಳು ನಾನು, ಬರೀತಿರೋಳು ಒಲೀಟಾ. ಅವಳು ಯಾಕೋ ಬಾಯಿ ಬಿಗಿದ್ಕೊಂಡು ಕೂತವ್ಳೆ, ಹಲ್ಲುನೋವಿರ್ಬೇಕು.

ಗೂಟ ಈಗ ಬೇಲಿ ದಾಟಿ ಒಳಗೆ ಬಂದವೆ. ಹೋಬರ್ಟ್ ಕಾಲ ಹತ್ರಾನೇ ಒಂದು ಹೊಡ್ದವ್ರೆ. ನಾನು ಕಿತ್ತು ಒಲೆಗೆ ಹಾಕ್ದೆ. ಮಾರ್ನೇ ದಿನ ಇನ್ನೊಂದು ಹೊಡ್ದವ್ರೆ. ಟೋಪಿ ಹಾಕಿದ್ದ ಒಬ್ಬ ಬಂದು, "ಅಜ್ಜೀ, ನೀನೇ ಬರ್ಕೊಟ್ಟಿದ್ದೀಯಲ್ಲ" ಅಂದ. ನಾನು ನಕ್ಕೆ. "ನಂಗೆ ಬರಿಯೋಕ್ ಬಂದಿದ್ರೆ ನಿನ್ನ ಕಂಪ್ನೀಗೆ ಬರೀತಿದ್ನಾ, ನನ್ನ ಮಗಳಿಗೆ ಬರೀತಿದ್ದೆ" ಅಂದೆ.

ನೀನು ಅವತ್ತು ಒಂದು ಕಾಗ್ದ ತೋರ್ಸಿ ಅವ್ರನ್ನ ಓಡಿಸ್ದೆಯಲ್ಲ, ಅದನ್ನ ಇನ್ನೊಂದ್ ಸಲ ತೋರ್ಸು. ಹೂವಿಡೋ ದಿನಕ್ಕೆ ಮುಂಚಿನ ಶುಕ್ರವಾರ ಕೇಕು ಮಾಡ್ತೀನಿ, ಭಾನುವಾರಕ್ಕೆ ಹದ ಬಂದಿರ್ತದೆ. ಈ ಸಲ ಅವಸ್ರ ಮಾಡ್ಬೇಡ.

ಬೇಗ ಬಾರಪ್ಪ.

X
ಇದು ಝೆಲ್ಲಾ ಹ್ಯಾಟ್‌ಮೇಕರ್‌ಳ ಗುರುತು.
ಸಾಕ್ಷಿ: ಒಲೀಟಾ ಕ್ರಮ್
ಸಾಕ್ಷಿ: ಅಳಿಯ ಆರ್ವಿಲ್

*

ಲೋವೆಲ್ ಟೀಗ್ ಚುನಾವಣಾ ಸಮಿತಿ, ಲೆಕ್ಸಿಂಗ್ಟನ್
ಮೇ 15, 1968

ಆತ್ಮೀಯ ಮತದಾರರೇ,

ನಿಮ್ಮ ಪತ್ರ ತಲುಪಿತು. ನಿಮ್ಮಂಥ ಶ್ರಮಜೀವಿಗಳ ಅಭಿಪ್ರಾಯ ನನಗೆ ಅಮೂಲ್ಯ. ನೀವು ಪ್ರಸ್ತಾಪಿಸಿರುವ ವಿಷಯವನ್ನು ಗಂಭೀರವಾಗಿ ಪರಿಶೀಲಿಸಲಾಗುವುದು. ಒಬ್ಬ ಬಡ ವಿಧವೆ ಕೊಟ್ಟ ಸೇಬಿನ ಪೈನಿಂದ ಆರಂಭವಾದ ನನ್ನ ಪಯಣದಲ್ಲಿ ನೀವೂ ಜೊತೆಯಾಗಿ. ಮೇ 28ರಂದು ಮರೆಯದೆ ಮತ ನೀಡಿ. ನನ್ನ ಭಾವಚಿತ್ರವನ್ನು ಲಗತ್ತಿಸಿದೆ.

ನಿಮ್ಮ ಸೇವಕ,
ಲೋವೆಲ್ ಟೀಗ್
(ಅಚ್ಚಿನ ಸಹಿ)

*

ಬ್ರಾನಕ್
ಮೇ 27, 1968, ಸೋಮವಾರ

ಲೋವೆಲ್,

ಆ ಅಚ್ಚಿನ ಪತ್ರವನ್ನು ಅವಳಿಗೆ ಓದಿ ಹೇಳಿದವಳು ನಾನು. ಲಕೋಟೆ ಕೈಗೆ ಬಂದಾಗಿನಿಂದ ಮುದುಕಿ ಅದನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ನನಗಾಗಿ ಎರಡು ದಿನ ಕಾದಿದ್ದಳು. "ನಮ್ಮ ವಕೀಲ ಏನ್ ಬರ್ದವ್ನೆ, ಎಲ್ಲಾನೂ ಓದು, ಒಂದಕ್ಷರ ಬಿಡ್ಬೇಡ" ಎಂದಳು. ಒಂದಕ್ಷರ ಬಿಡದೆ ಓದಿದೆ.

ಪತ್ರವನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಕೇಳಿದಳು: "ಆ ಬಡ ವಿಧವೆ ಯಾರೇ?"

"ನೀನೇ ಅತ್ತೆ."

"ನಾನು ಪೈ ಕೊಟ್ಟಿಲ್ವಲ್ಲ."

ಆಗ ಎಲ್ಲವನ್ನೂ ಹೇಳಿದೆ. ಕಾಗದ, ಸಹಿ, ಮುದ್ರೆ, ಸ್ಯಾಂಡ್‌ವಿಚ್ಚು. ಹೊಡೆದಿದ್ದರೆ ಹಗುರಾಗುತ್ತಿತ್ತು. ಅವಳು ಹೊಡೆಯಲಿಲ್ಲ. ಎದ್ದು ಹೋಗಿ ನಿನ್ನ ಫೋಟೋವನ್ನು ಗೋಡೆಯಿಂದ ಬಿಡಿಸಿದಳು. ಹರಿಯಲೂ ಇಲ್ಲ, ಒಲೆಗೂ ಹಾಕಲಿಲ್ಲ, ಹಿತ್ತಲಿನ ಕೋಳಿಗೂಡಿನ ನೆಲಕ್ಕೆ ಹಾಸಿದಳು. "ಒಲೀಟಾ, ನೀನು ನೋಡ್ಬೇಕಾಗಿತ್ತು ಕಣೇ," ಎಂದಳು ನನಗೆ. ಅಷ್ಟೇ ಹೇಳಿದ್ದು. ಅದು ಇನ್ನೂ ಎದೆಯಲ್ಲಿ ಚುಚ್ಚಿಕೊಂಡಿದೆ.

ನಿನ್ನೆಯದನ್ನು ನೀನೇ ಕಂಡಿದ್ದೀಯ, ಆದರೂ ಬರೆಯುತ್ತೇನೆ, ನಿನ್ನ ಭಾಷಣದಲ್ಲಿ ಅದು ಬೇರೆಯಾಗಿಬಿಡುವ ಮೊದಲು. ಹುಲ್ಲು ಕೆರೆದು, ಸಮಾಧಿಗಳ ಮೇಲೆ ಬಣ್ಣದ ಕಾಗದದ ಹೂವಿಟ್ಟು, ಹಾಡಿ ಮುಗಿಸಿ, ಮರದ ಕೆಳಗೆ ಹಲಗೆ ಜೋಡಿಸಿ ಎಲ್ಲರೂ ತಂದದ್ದನ್ನು ಹರಡಿದ್ದೆವು. ಆ ಊಟದಲ್ಲಿ ಯಾರಿಗೂ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ದಾರಿತಪ್ಪಿ ಬಂದವನಿಗೂ, ಜಗಳವಾಡಿ ಹತ್ತು ವರ್ಷ ಮಾತು ಬಿಟ್ಟವನಿಗೂ ತಟ್ಟೆ ಹೋಗುತ್ತದೆ. ನೀನು ಹೋಬರ್ಟನ ಸಮಾಧಿಯ ಪಕ್ಕದ ಗೂಟಕ್ಕೆ ನಿನ್ನ ಟೋಪಿ ತೂಗುಹಾಕಿ ಭಾಷಣ ಮಾಡಿದೆ. ಅದಾವ ಗೂಟವೆಂದು ನಿನಗೆ ಗೊತ್ತಿತ್ತು. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಝೆಲ್ಲತ್ತೆ ಕೇಕು ಹಿಡಿದು ಸಾಲಾಗಿ ಬಡಿಸುತ್ತಾ ಬಂದಳು. ಫೋಟೋ ತೆಗೆಯುವವನಿಗೂ ಕೊಟ್ಟಳು. ನಿನ್ನ ಮುಂದೆ ಬಂದು ನಿಂತಳು, ಕೇಕಿನ ಮೇಲೆ ಬಟ್ಟೆ ಮುಚ್ಚಿದಳು.

"ಏನತ್ತೆ, ನನಗಿಲ್ವಾ?" ಎಂದು ನೀನು ನಗುತ್ತಲೇ ಕೇಳಿದೆ, ಕ್ಯಾಮೆರಾದ ಕಡೆಗೆ ಅರ್ಧ ಮುಖ ತಿರುಗಿಸಿ.

"ನೀನು ತಿಂದಾಗಿದೆ," ಎಂದಳು.

ಮುನ್ನೂರು ಜನ ತಟ್ಟೆಯಿಂದ ತಲೆಯೆತ್ತಿ ನೋಡಿದರು. ಒಂದು ಕ್ಷಣ ನಿನ್ನ ಮುಖದಲ್ಲಿ 1957ರ ಲೋವೆಲ್ ಕಂಡ. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಈಗ ಬಾಯಿ ಬಿಡುತ್ತಾನೆ, ಈಗ ಹೇಳಿಬಿಡುತ್ತಾನೆ ಎಂದು ಕಾದೆ. ಮೂರ್ಖಳು ನಾನು. ನಿನ್ನ ಕಡೆಯವನೊಬ್ಬ ಕಾರಿನಿಂದ ಅಂಗಡಿಯ ಪೈ ತಂದ. ನೀನು ಅದನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದು ನಕ್ಕೆ. ಇವತ್ತಿನ ಪತ್ರಿಕೆಯ ಮೊದಲ ಪುಟದಲ್ಲಿ ಅದೇ ಚಿತ್ರ. ಪೈನ ತಗಡಿನ ತಟ್ಟೆಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದೆ. ಇಂಥ ಗಂಡಸಿಗಾಗಿ ಹತ್ತೊಂಬತ್ತು ವರ್ಷ ಬೆರಳು ಸವೆಸಿದೆನಲ್ಲ ಎಂದು ಥೂ ಅನಿಸಿತು.

ಇವತ್ತು ಬೆಳಿಗ್ಗೆ ನನ್ನ ತಪ್ಪೊಪ್ಪಿಗೆಯನ್ನು ಟೈಪ್ ಮಾಡಿದೆ. ನನ್ನ ಎದುರು ಯಾರೂ ಇರದೆಯೇ ನಾನು ಮುದ್ರೆ ಒತ್ತಿದ್ದು, ಕಾಗದ ತಂದಿಟ್ಟವರ ಹೆಸರು, ಆ ಕೈಬರಹ ಯಾರದೆಂದು ನಾನು ಬಲ್ಲೆನೆಂಬುದು, ಎಲ್ಲ ಇದೆ. ನಿನ್ನ ಏಪ್ರಿಲ್ 23ರ ಪತ್ರವನ್ನೂ ಸೇರಿಸಿದ್ದೇನೆ. ಅದನ್ನು ಕೈಯಾರೆ ಬರೆದದ್ದು ನಿನ್ನ ದೊಡ್ಡ ಉಪಕಾರ. ಝೆಲ್ಲಾ ಎಂಬ ಹೆಸರಿನ ಝೆಡ್ ಅಕ್ಷರದ ಬಾಲ ಆ ಸಹಿಯಲ್ಲೂ ನಿನ್ನ ಪತ್ರದಲ್ಲೂ ಒಂದೇ.

ನನ್ನ ಸಹಿಗೆ ನಾನೇ ಮುದ್ರೆ ಒತ್ತುವಂತಿಲ್ಲ. ಬ್ಯಾಂಕಿನಲ್ಲಿರುವ ಇನ್ನೊಬ್ಬ ನೋಟರಿ ಕಾರ್ಡೀ ಬೇಸ್ ಹತ್ತಿರ ಹೋದೆ. ಹದಿನೈದು ವರ್ಷದಿಂದ ನನ್ನ ಎದುರು ಮನೆಯವಳು, ನನ್ನ ಮುಖ ಕಂಡರೆ ಅವಳಿಗಾಗದು.

"ಗುರುತಿನ ಚೀಟಿ ತೋರ್ಸು," ಎಂದಳು.

"ಕಾರ್ಡೀ, ನಿನ್ನ ಬೆಕ್ಕು ನನ್ನ ಜಗಲಿ ಮೇಲೆ ಮಲ್ಗತ್ತೆ. ನಾನ್ಯಾರು ಅಂತ ಗೊತ್ತಿಲ್ವಾ?"

"ಬೆಕ್ಕಿಗೆ ಗೊತ್ತಿರ್ಬೋದು. ಕಾನೂನು ಅಂದ್ರೆ ಕಾನೂನು. ಚೀಟಿ ತೋರ್ಸು, ಬಲಗೈ ಎತ್ತು, ನಾನು ನೋಡೋ ಹಾಗೆ ಸಹಿ ಹಾಕು."

ತೋರಿಸಿದೆ, ಎತ್ತಿದೆ, ಹಾಕಿದೆ. ಅವಳು ಕನ್ನಡಕ ಏರಿಸಿ ನನ್ನ ಬೆರಳನ್ನೇ ನೋಡುತ್ತಾ ಕುಳಿತಿದ್ದಳು. ಇಷ್ಟೇ ಕೆಲಸ ನನ್ನದಾಗಿತ್ತು, ಲೋವೆಲ್. ಇಷ್ಟು ಸುಲಭದ ಕೆಲಸ. ಅಲ್ಲೇ ಕುಳಿತು ಅತ್ತುಬಿಟ್ಟೆ. ಕಾರ್ಡೀ ಕರವಸ್ತ್ರ ಕೊಟ್ಟಳು, ಒಗೆದು ವಾಪಸು ಕೊಡೆಂದೂ ಹೇಳಿದಳು.

ತಪ್ಪೊಪ್ಪಿಗೆಯನ್ನೂ ನನ್ನ ಮುದ್ರೆಯನ್ನೂ ನ್ಯಾಯಾಧೀಶರ ಕಚೇರಿಗೆ ಒಪ್ಪಿಸಿದ್ದೇನೆ. ನನ್ನನ್ನು ಯಾವಾಗ ಕರೆಸುತ್ತಾರೋ ಗೊತ್ತಿಲ್ಲ.

ಒಲೀಟಾ ಕ್ರಮ್

*

ಬ್ರಾನಕ್
ಜೂನ್ 6, 1968

ಲೋವೆಲ್,

ನೀನು ಗೆದ್ದೆ. ನಮ್ಮ ಬೀದಿಯವರೇ ಪಟಾಕಿ ಹೊಡೆದರು. ನಾನು ಬಾಯಿ ಬಿಟ್ಟದ್ದು ಚುನಾವಣೆಯ ತಂತ್ರವೆಂದು ನೀನು ರೇಡಿಯೋದಲ್ಲಿ ಹೇಳಿದ್ದನ್ನೂ, ಕೆಲಸ ಹೋದ ಹೊಟ್ಟೆಯುರಿಯ ಹೆಂಗಸು ಎಂದದ್ದನ್ನೂ ಕೇಳಿದೆ. ಚರ್ಚಿನಲ್ಲಿ ನನ್ನ ಬೆಂಚಿನಲ್ಲಿ ಈಗ ನಾನೊಬ್ಬಳೇ ಕೂರುತ್ತೇನೆ. ನನ್ನ ಮೇಲಿನ ಆರೋಪದ ವಿಚಾರಣೆ ಸೆಪ್ಟೆಂಬರಿನಲ್ಲಿದೆ. ತಪ್ಪು ಮಾಡಿಲ್ಲವೆಂದು ವಾದಿಸಲು ವಕೀಲನನ್ನು ಇಟ್ಟುಕೊಂಡಿಲ್ಲ, ತಪ್ಪು ಮಾಡಿದ್ದೇನೆ. ನಿನ್ನ ಕೈಬರಹವನ್ನು ಪರೀಕ್ಷೆಗೆ ಕಳಿಸಿದ್ದಾರೆ. ನೀನು ತಪ್ಪಿಸಿಕೊಳ್ಳಬಹುದು. ನಿನ್ನಂಥವರು ತಪ್ಪಿಸಿಕೊಳ್ಳುವುದನ್ನು ಟೈಪ್ ಮಾಡಿಯೇ ನಾನು ಬಾಳಿದ್ದು.

ಆದರೆ ಗುಡ್ಡಕ್ಕೆ ತಡೆಯಾಜ್ಞೆ ಬಂದಿದೆ. ತೀರ್ಮಾನವಾಗುವವರೆಗೆ ಯಂತ್ರ ಹತ್ತುವಂತಿಲ್ಲ. ಗೂಟಗಳನ್ನು ಕಂಪನಿಯವರೇ ಕಿತ್ತುಕೊಂಡು ಹೋದರು. ಒಪ್ಪಿಗೆಪತ್ರ ರದ್ದಾಗಬೇಕೆಂಬ ಅರ್ಜಿಗೆ ನಿನ್ನೆ ಝೆಲ್ಲತ್ತೆ ಗುರುತು ಹಾಕಿದಳು. ಪಕ್ಕದ ಜಿಲ್ಲೆಯಿಂದ ಬಂದ ಎಳೆಯ ವಕೀಲ ಅವಸರದಲ್ಲಿದ್ದ. "ಅಜ್ಜಿ, ಒಂದು ಗೆರೆ ಎಳೀರಿ, ಉಳಿದಿದ್ದು ನಾವು ನೋಡ್ಕೋತೀವಿ" ಎಂದ. ನಾನು ಅವನ ಕೈಯಿಂದ ಕಾಗದ ಕಿತ್ತುಕೊಂಡು ಅಡುಗೆಮನೆಯ ಮೇಜಿನ ಮೇಲಿಟ್ಟೆ. ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದೆ. ಇಬ್ಬರು ಸಾಕ್ಷಿಗಳಲ್ಲಿ ಒಬ್ಬಳು ನಾನು. ನನ್ನನ್ನೇ ಬೇಕೆಂದು ಕೇಳಿದವಳು ಅವಳು.

ಅವಳು ಒಂದು ಗೆರೆ ಎಳೆದು, ಪೆನ್ನು ಎತ್ತಿ, ನನ್ನ ಕಡೆ ತಿರುಗಿದಳು.

"ನೋಡ್ತಾ ಇದ್ದೀಯೇನೇ?"

"ನೋಡ್ತಾ ಇದ್ದೀನಿ ಅತ್ತೆ."

ಆಮೇಲೆ ಎರಡನೆಯ ಗೆರೆ ಎಳೆದಳು.

ಒಲೀಟಾ ಕ್ರಮ್